ಕರಗದ ಬೆಸುಗೆಗೆ ತಕ್ಕ ಸೋಲ್ಡರಿಂಗ್ ಸ್ಟೇಷನ್

ಮನೆಯ ಟಿವಿಯ ಪವರ್ ಬೋರ್ಡಿನಲ್ಲಿ ಉಬ್ಬಿದ್ದ ಕೆಪಾಸಿಟರನ್ನು (ವಿದ್ಯುತ್ ಶೇಖರಿಸುವ ಬಿಡಿಭಾಗವನ್ನು) ಬದಲಿಸುವಾಗ ಅದರ ಒಂದು ಕಾಲು ಸುಲಭವಾಗಿ ಬಿಟ್ಟಿತಾದರೂ, ಗ್ರೌಂಡ್ ಸಂಪರ್ಕದ ಅಗಲವಾದ ತಾಮ್ರದ ಪದರಕ್ಕೆ ಸೇರಿದ್ದ ಇನ್ನೊಂದು ಕಾಲು 25 ವ್ಯಾಟ್‌ನ ಸಾಧಾರಣ ಸೋಲ್ಡರಿಂಗ್ ಐರನ್‌ಗೆ (ಬೆಸುಗೆ ಕಡ್ಡಿಗೆ) ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ತುದಿಯ ಶಾಖವನ್ನೆಲ್ಲ ತಾಮ್ರವೇ ಹೀರುತ್ತಿತ್ತು. ಸಾಲದ್ದಕ್ಕೆ, 63 ಪಾಲು ತವರ, 37 ಪಾಲು ಸೀಸ ಬೆರೆತ ಸೋಲ್ಡರ್ (ಬೆಸುಗೆ ಲೋಹ) 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಇಂಥ ಬೋರ್ಡುಗಳಲ್ಲಿ ಸಾಮಾನ್ಯವಾದ ಸೀಸವಿಲ್ಲದ ಸೋಲ್ಡರ್‌ಗೆ ಸುಮಾರು 217 ಡಿಗ್ರಿಯಾದರೂ ಬೇಕು.

ಆದ್ದರಿಂದ ತುದಿಯ ಉಷ್ಣಾಂಶವನ್ನು ನಿಯಂತ್ರಿಸುವ ಸೋಲ್ಡರಿಂಗ್ ಸ್ಟೇಷನ್ ಆರಿಸುವಾಗ ಗರಿಷ್ಠ ಉಷ್ಣಾಂಶದ ಅಂಕಿಯನ್ನು ಬದಿಗಿಟ್ಟು, ಕಳೆದುಕೊಂಡ ಶಾಖವನ್ನು ತುದಿ ಎಷ್ಟು ಬೇಗ ಮರಳಿ ಪಡೆಯುತ್ತದೆ ಎಂಬುದನ್ನೇ ನೋಡಿದೆ. 900ಎಂ ಮಾದರಿಯಲ್ಲಿ ತುದಿಯು ಹೀಟರಿಗೆ ತೊಡಿಸಿದ ಟೊಪ್ಪಿಯಂತಿದ್ದು, ನಡುವಿನ ಗಾಳಿಯ ಸಂದು ಶಾಖವನ್ನು ತಡೆಯುತ್ತದೆ. ಟಿ12 ಮಾದರಿಯಲ್ಲಾದರೋ ಹೀಟರ್, ಸೆನ್ಸರ್, ತುದಿ ಮೂರೂ ಒಂದೇ ಕಡ್ಡಿಯಲ್ಲಿವೆ. ಬಿಡಿ ತುದಿಗಳು ದುಬಾರಿಯಾದರೂ ಅದನ್ನೇ ಕೊಂಡೆ, ಅದೂ ಪ್ಲಗ್ಗಿನ ಅರ್ತಿಂಗ್ ಪಿನ್ನಿಗೂ ತುದಿಗೂ ಸಂಪರ್ಕವಿದೆಯೆಂದು ಮಲ್ಟಿಮೀಟರಿನಲ್ಲಿ ಖಚಿತಪಡಿಸಿಕೊಂಡ ಮೇಲೆ.

ಸೂಜಿಮೊನೆಯ ತುದಿ ನೋಡಲು ಚೆಂದ, ಇಂಥ ಕೆಲಸಕ್ಕೆ ಮಾತ್ರ ಬಾರದು. ಉಳಿಯಾಕಾರದ ಅಗಲ ತುದಿಯನ್ನು 350 ಡಿಗ್ರಿಗೆ ಇಟ್ಟು, ಹಳೆಯ ಬೆಸುಗೆಗೆ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹರಿಯಲು ನೆರವಾಗುವ ಲೇಪ) ಸವರಿ, ತುಸು ಸೀಸದ ಸೋಲ್ಡರ್ ಬೆರೆಸಿದೊಡನೆ ಮಂಕಾಗಿದ್ದ ಗುಬುಟು ಹೊಳೆದು ಕರಗಿತು, ಕಾಲೂ ಸಡಿಲವಾಯಿತು. ಧ್ರುವ (ಪ್ಲಸ್-ಮೈನಸ್) ನೋಡಿಕೊಂಡು 105 ಡಿಗ್ರಿಯವರೆಗೆ ತಾಳುವ ದರ್ಜೆಯ ಹೊಸ ಕೆಪಾಸಿಟರನ್ನು ಕೂರಿಸಿದ ಬಳಿಕ ಟಿವಿ ಸರಿಯಾಗಿ ನಡೆಯುತ್ತಿದೆ.