ಲಿಡಾರ್‌ಗಿಂತ ಮುಂಚೆ ಗಾಲಿಯ ಲೆಕ್ಕ

ವಿಶ್ವವಿದ್ಯಾಲಯದ ರೊಬೊಟಿಕ್ಸ್ ಲ್ಯಾಬಿನಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟು ಹೆಚ್ಚಾಗಿ ಸಿಕ್ಕಿಬೀಳುವುದು ಒಂದೇ ಕಡೆ. ರೊಬೊಟ್ ಗಾಡಿ ಓಡುತ್ತದೆ, ಲೇಸರ್ ಬೆಳಕಿನಿಂದ ಸುತ್ತಲಿನ ದೂರ ಅಳೆಯುವ ಲಿಡಾರ್ ತಿರುಗುತ್ತದೆ, ಆದರೆ ನಕ್ಷೆಯಲ್ಲಿ ಒಂದೇ ಗೋಡೆ ಎರಡೆರಡಾಗಿ ಕಾಣುತ್ತದೆ. ಆಗ ಎಲ್ಲರೂ ಸ್ಲ್ಯಾಮ್‌ನ, ಅಂದರೆ ನಕ್ಷೆ ಬರೆಯುತ್ತಲೇ ಗಾಡಿ ಎಲ್ಲಿದೆಯೆಂದು ಗುರುತಿಸುವ ತಂತ್ರಾಂಶದ, ಸೆಟ್ಟಿಂಗ್ ತಿರುವಲು ಹೊರಡುತ್ತಾರೆ. ನಾವು ಮಾತ್ರ ಅದನ್ನು ಮುಟ್ಟಗೊಡದೆ, ಗಾಲಿಯ ಸುತ್ತು ಎಣಿಸಿ ಗಾಡಿ ಎಷ್ಟು ಓಡಿತು, ಎಷ್ಟು ತಿರುಗಿತು ಎಂದು ಹೇಳುವ ಗಾಲಿಯ ಲೆಕ್ಕವನ್ನು ಮೊದಲು ನೋಡಿಸುತ್ತೇವೆ.

ನಮ್ಮದು ಎರಡು ಮೋಟಾರು ಗಾಲಿ, ಹಿಂದೊಂದು ಕ್ಯಾಸ್ಟರ್ (ಎತ್ತ ಬೇಕಾದರೂ ತಿರುಗುವ ಸಣ್ಣ ಆಸರೆ ಗಾಲಿ) ಇರುವ ಗಾಡಿ. ಗಾಲಿಯ ವ್ಯಾಸ 65 ಮಿ.ಮೀ., ಗಾಲಿಗಳ ನಡುವಿನ ಅಂತರ 180 ಮಿ.ಮೀ. ಸುತ್ತು ಎಣಿಸುವ ಸಂವೇದಕವಾದ ಎನ್‌ಕೋಡರ್ ಮೋಟಾರಿನ ಸುತ್ತಿಗೆ 11 ಪಲ್ಸ್ ಕೊಡುತ್ತದೆ. ಅದರ ಎರಡೂ ಚಾನೆಲ್‌ಗಳ (ಸಂಕೇತಗಳ) ಏರಿಳಿತ ಎಣಿಸಿದರೆ 44. ಗೇರ್ 30ಕ್ಕೆ 1 ಇರುವುದರಿಂದ ಗಾಲಿಯ ಒಂದು ಸುತ್ತಿಗೆ 1320 ಎಣಿಕೆ. ಗಾಲಿಯನ್ನು ಕೈಯಿಂದ 10 ಸುತ್ತು ತಿರುಗಿಸಿದಾಗ 13200ರ ಆಸುಪಾಸು ಬಂದು, ಮೋಟಾರು ಓಡುವಾಗ ಮಾತ್ರ ಎಣಿಕೆ ಎಡವಿದರೆ ಅದು ವಿದ್ಯುತ್ ಗದ್ದಲ. ಮೋಟಾರಿನ ವೈರಿನಿಂದ ಎನ್‌ಕೋಡರ್ ವೈರನ್ನು ದೂರ ಎಳೆದು, ಮೋಟಾರಿನ ತುದಿಗಳಿಗೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸೆಯುತ್ತೇವೆ.

ಆಮೇಲೆ ವ್ಯಾಸ. ಬ್ಯಾಟರಿಯ ಭಾರಕ್ಕೆ ರಬ್ಬರು ತಗ್ಗುವುದರಿಂದ 65ನ್ನು ನಂಬುವಂತಿಲ್ಲ. ಪೂರ್ತಿ ಭಾರ ಹೊರಿಸಿ ಲೆಕ್ಕದ ಪ್ರಕಾರ 4 ಮೀಟರ್ ಓಡಿಸುತ್ತೇವೆ, ನಿಜಕ್ಕೂ 3.94ಕ್ಕೇ ನಿಂತರೆ ವ್ಯಾಸ 64 ಎಂದು ತಿದ್ದುವುದು. ಇದಾದ ಮೇಲೆಯೇ ಅಂತರ, ಏಕೆಂದರೆ ತಿರುವಿನ ಲೆಕ್ಕದೊಳಗೆ ವ್ಯಾಸ ಕೂತಿದೆ. ನಿಂತಲ್ಲೇ 10 ಸುತ್ತು ಹಾಕಿಸಿ. ಲೆಕ್ಕ 3600 ಡಿಗ್ರಿ ಎಂದಾಗ ಗಾಡಿ ನಿಜಕ್ಕೂ 3510 ತಿರುಗಿದ್ದರೆ, 180ನ್ನು 3600ರಿಂದ ಗುಣಿಸಿ 3510ರಿಂದ ಭಾಗಿಸಿ: 184.6. ಅಗಲ ಟೈರು ನೆಲವನ್ನು ಎಲ್ಲಿ ಒತ್ತುತ್ತದೆಂದು ಕಾಣದ ಕಾರಣ ಸ್ಕೇಲಿನಿಂದ ಈ ಸಂಖ್ಯೆ ಸಿಗುವುದಿಲ್ಲ.

ಕೊನೆಗೆ ಚೌಕ. ಮಿಷಿಗನ್ ವಿಶ್ವವಿದ್ಯಾಲಯದ ಬೊರೆನ್‌ಸ್ಟೀನ್ ಮತ್ತು ಫೆಂಗ್ 1990ರ ದಶಕದಲ್ಲಿ ಕೊಟ್ಟ ಪರೀಕ್ಷೆ ಇದು: 4 ಮೀಟರ್ ಬದಿಯ ಚೌಕವನ್ನು ಬಲಸುತ್ತಾಗಿ 5 ಸಲ, ಎಡಸುತ್ತಾಗಿ 5 ಸಲ ಓಡಿಸಿ, ಹೊರಟ ಬಿಂದುವಿನಿಂದ ಎಷ್ಟು ತಪ್ಪಿತೆಂದು ಗುರುತು ಹಾಕುವುದು. ಒಂದೇ ದಿಕ್ಕಿನಲ್ಲಿ ಓಡಿಸಿ ತೃಪ್ತಿಪಡುವುದು ದೊಡ್ಡ ತಪ್ಪು. ಎರಡು ಗಾಲಿಗಳ ವ್ಯಾಸದ ವ್ಯತ್ಯಾಸ, ಅಂತರದ ತಪ್ಪು ಇವೆರಡೂ ಒಂದು ದಿಕ್ಕಿನಲ್ಲಿ ಪರಸ್ಪರ ಕಳೆದುಕೊಂಡು ಇನ್ನೊಂದರಲ್ಲಿ ಕೂಡಿಕೊಳ್ಳುತ್ತವೆ. ವ್ಯಾಸದಲ್ಲಿ 0.2 ಮಿ.ಮೀ. ವ್ಯತ್ಯಾಸವಿದ್ದರೂ 4 ಮೀಟರ್ ನೇರ ಓಟದಲ್ಲಿ ಗಾಡಿ ಸುಮಾರು 4 ಡಿಗ್ರಿ ತಿರುಗಿ 13–14 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ.

ಚಾಕ್‌ಪೀಸಿನ ಐದು ಗುರುತುಗಳು ಒಂದೆಡೆ ಗುಂಪಾಗಿ ಬಿದ್ದರೆ ತಪ್ಪು ಲೆಕ್ಕದ್ದು, ತಿದ್ದಬಹುದು. ಚೆಲ್ಲಾಪಿಲ್ಲಿಯಾದರೆ ಗಾಲಿ ಜಾರುತ್ತಿದೆ. ಯಾವ ಸೂತ್ರವೂ ಅದನ್ನು ಸರಿಪಡಿಸದು. ನುಣುಪು ಟೈಲ್ಸಿನ ಮೇಲಿನ ದೂಳು ಒರೆಸಿ, ವೇಗವನ್ನು ಸೆಕೆಂಡಿಗೆ 0.2 ಮೀಟರಿಗೆ ಇಳಿಸಿ. ಗಾಲಿಯನ್ನು ಶಾಫ್ಟಿಗೆ ಬಿಗಿಯುವ ಗ್ರಬ್ ಸ್ಕ್ರೂ ಸಡಿಲವಾಯಿತೇ ಎಂದು ತಿಳಿಯಲು ಶಾಫ್ಟಿನ ತುದಿಯಿಂದ ಗಾಲಿಯ ಹಬ್‌ವರೆಗೆ ಮಾರ್ಕರಿನಿಂದ ಒಂದು ಗೆರೆ ಎಳೆದಿಡುತ್ತೇವೆ. ಓಟದ ನಂತರ ಗೆರೆ ಮುರಿದು ಕಂಡರೆ ಸ್ಕ್ರೂ ಬಿಗಿದು ಮತ್ತೆ ಮೊದಲಿನಿಂದ.

ಪ್ರತಿ ಗಾಡಿಯ ತಳಕ್ಕೆ ವ್ಯಾಸ, ಅಂತರ, ಅಳೆದ ದಿನಾಂಕ ಬರೆದ ಚೀಟಿ ಅಂಟಿಸಿರುತ್ತೇವೆ. ಟೈರು ಬದಲಾದ ದಿನ ಹಳೆಯ ಚೀಟಿ ಕಿತ್ತು ಹಾಕುವುದು.