ಬ್ರಿಟನ್ನಿನಲ್ಲಿ ನಿಮಗೂ ಓಟಿದೆ, ಹೆಸರು ಪಟ್ಟಿಯಲ್ಲಿದೆಯೇ ನೋಡಿಕೊಳ್ಳಿ

ಮೊನ್ನೆಯಷ್ಟೇ ಊರಿಂದ ಬಂದ ಹುಡುಗನೊಬ್ಬ ಬಾಗಿಲ ಬಳಿ ಬಿದ್ದಿದ್ದ ಹಳದಿ ಕರಪತ್ರ ಎತ್ತಿಕೊಂಡು, "ಇವರು ಗೆಲ್ಲೋ ಪಾರ್ಟಿ ಅಲ್ಲ ಅಲ್ವಾ ಸಾರ್?" ಅಂದ. ಬಂದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡು ಅದನ್ನು ಬುಟ್ಟಿಗೆ ಹಾಕುತ್ತಿದ್ದೆ.

ಆ ಕರಪತ್ರ ಹಂಚಿದವರು ಲಿಬರಲ್ ಡೆಮಾಕ್ರಾಟ್ ಪಕ್ಷದವರು. ಇವರ ಮೂಲವಾದ ಲಿಬರಲ್ ಪಕ್ಷ ಎರಡನೇ ಮಹಾಯುದ್ಧದ ನಂತರ ನೆಲಕಚ್ಚಿತ್ತು. 1950ರಲ್ಲಿ 475 ಕಡೆ ನಿಂತು 319 ಕಡೆ ಠೇವಣಿ ಕಳೆದುಕೊಂಡರು. ಮರುವರ್ಷ ಉಳಿದದ್ದು 6 ಸೀಟು. ಆಗ ಠೇವಣಿ ಉಳಿಯಲು ಎಂಟರಲ್ಲೊಂದು ಪಾಲು ಓಟು ಬೇಕಿತ್ತು, ಈಗ ಶೇ. 5 ಸಾಕು. ನಮ್ಮಲ್ಲಿ ಇಂದಿಗೂ ಆರರಲ್ಲೊಂದು ಪಾಲು. ಈ ವಿಷಯದಲ್ಲಿ ಇಲ್ಲಿನದೇ ನ್ಯಾಯ ಅನ್ನುತ್ತೇನೆ. ಜೋ ಗ್ರಿಮಂಡ್ ನಾಯಕರಾಗಿದ್ದ ಕಾಲದಲ್ಲಿ, 1962ರಲ್ಲಿ ಲಂಡನ್ ಬಳಿಯ ಆರ್ಪಿಂಗ್ಟನ್ ಉಪಚುನಾವಣೆ ಗೆದ್ದಾಗ, ಪಕ್ಷಕ್ಕೆ ಜೀವ ಬಂತು. ಆಮೇಲೆ ಕೌನ್ಸಿಲ್ (ಸ್ಥಳೀಯ ಆಡಳಿತ) ವಾರ್ಡುಗಳಲ್ಲಿ, ಕಿತ್ತುಹೋದ ಫುಟ್‌ಪಾತಿನ ಮಾತಾಡುತ್ತಾ, ಕರಪತ್ರ ಹಂಚುತ್ತಾ ಬೇರು ಬಿಟ್ಟರು. 1983ರಲ್ಲಿ ಲೇಬರ್ ಪಕ್ಷದಿಂದ ಒಡೆದು ಬಂದ ಎಸ್‌ಡಿಪಿ ಜೊತೆಗೂಡಿ ಶೇ. 25 ಓಟು ಪಡೆದರೂ ಸಿಕ್ಕಿದ್ದು 23 ಸೀಟು. 2024ರಲ್ಲಿ ಶೇ. 12 ಓಟಿಗೇ 72 ಸೀಟು! ನಮ್ಮಲ್ಲಿರುವಂತೆ ಇಲ್ಲೂ ಆಯಾ ಕ್ಷೇತ್ರದಲ್ಲಿ ಹೆಚ್ಚು ಓಟು ಬಿದ್ದವರೇ ಗೆದ್ದಂತೆ, ಹಾಗಾಗಿ ಓಟು ಎಲ್ಲಿ ಬಿತ್ತು ಅನ್ನುವುದೇ ಮುಖ್ಯ.

ನಿಮ್ಮ ಓಟೂ ಆ ಲೆಕ್ಕದಲ್ಲಿದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ವೀಸಾದ ಮೇಲಿದ್ದರೂ, ಕಾಮನ್‌ವೆಲ್ತ್ ಪ್ರಜೆಗಳಾದ ನಾವು ಇಲ್ಲಿ ಓಟು ಹಾಕಬಹುದು. ಆದರೆ ಹೆಸರು ತಾನಾಗಿ ಪಟ್ಟಿಗೆ ಸೇರುವುದಿಲ್ಲ. ನಾನು ಎಡವಿದ್ದು ಇಲ್ಲೇ. ಮನೆ ಬದಲಿಸಿದಾಗ ಕೌನ್ಸಿಲ್ ಟ್ಯಾಕ್ಸ್ (ಇಲ್ಲಿನ ಮನೆ ತೆರಿಗೆ) ಹೊಸ ವಿಳಾಸಕ್ಕೆ ಬರೆಸಿದೆ, ಓಟರ್ ಪಟ್ಟಿಯೂ ತಾನೇ ಬದಲಾಗುತ್ತದೆ ಎಂದು ನಂಬಿದೆ. ಎರಡಕ್ಕೂ ಸಂಬಂಧವೇ ಇಲ್ಲ. ಮತಗಟ್ಟೆಯಲ್ಲಿ ಹೆಂಗಸೊಬ್ಬರು ನಮ್ಮ ಬೀದಿಯ ಹೆಸರುಗಳ ಮೇಲೆ ಸ್ಕೇಲು ಇಟ್ಟು ಎರಡು ಸಲ ಇಳಿಸಿ, "ಸಾರಿ" ಅಂದರು. ಅದಾದರೂ ಹೋಗಲಿ. ಮನೆಸಾಲಕ್ಕೆ ಹೋದಾಗ ಕ್ರೆಡಿಟ್ ತಪಾಸಣೆಗೂ ಇದೇ ಪಟ್ಟಿ ನೋಡುತ್ತಾರೆ! ವಿಳಾಸ ತಾಳೆಯಾಗದೆ ಸಾಲ ಏಳು ವಾರ ತಡವಾಯಿತು, ಅಷ್ಟರಲ್ಲಿ ಮನೆ ಬೇರೆಯವರ ಪಾಲಾಯಿತು, ಮನೆಯ ಸ್ಥಿತಿ ನೋಡುವ ಸರ್ವೆಗೆ ಕಟ್ಟಿದ್ದ 600 ಪೌಂಡ್ ನೀರಿಗೆ ಹೋಯಿತು.

ಮನೆ ಬದಲಿಸಿದಾಗಲೆಲ್ಲ ಹೊಸದಾಗಿ ನೋಂದಾಯಿಸಿ. ಚುನಾವಣೆಗೆ 12 ಕೆಲಸದ ದಿನ ಮೊದಲೇ ಬಾಗಿಲು ಮುಚ್ಚುತ್ತದೆ. ಮತಗಟ್ಟೆಗೆ ಫೋಟೋ ಗುರುತು ಬೇಕು, ನಮ್ಮ ಪಾಸ್‌ಪೋರ್ಟ್ ನಡೆಯುತ್ತದೆ.

ಆ ಹುಡುಗನನ್ನು ಕೂರಿಸಿಕೊಂಡು ಫೋನಿನಲ್ಲೇ ಅರ್ಜಿ ಹಾಕಿಸಿದೆ. ಐದು ನಿಮಿಷದ ಕೆಲಸ. ಅರ್ಜಿಯಲ್ಲಿ ಕೇಳುವ ನ್ಯಾಷನಲ್ ಇನ್ಶೂರೆನ್ಸ್ ನಂಬರಿನ (ಇಲ್ಲಿ ದುಡಿಯುವವರಿಗೆ ಕೊಡುವ ಗುರುತಿನ ಸಂಖ್ಯೆ) ಕಾಗದ ಹುಡುಕಲು ಅರ್ಧ ಗಂಟೆ ಹಿಡಿಯಿತು.