ಪಿತೃಪಕ್ಷದಲ್ಲಿ ಡೇರೆ ಹೂವಿನ ಪ್ರವಾಸ: ನನ್ನ ಅನುಭವ

"ಎಂತ ಮಾರಾಯ್ತಿ, ಪಕ್ಷದಲ್ಲಿ ಯಾರಾದ್ರೂ ಟೂರು ಹೊರಡ್ತಾರಾ? ಅದೂ ನಮ್ಮ ಅಂಗಳದ ಡೇರೆ ನೋಡಕ್ಕೆ?" 2022ರಲ್ಲಿ ನನ್ನ ಓರಗಿತ್ತಿ ಕೇಳಿದ ಮಾತಿದು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅದೇ ಓರಗಿತ್ತಿ ತನ್ನ ಜಗಲಿಯಲ್ಲಿ ಕೂತು ಬೆಂಗಳೂರಿನವರಿಗೆ ಡೇರೆ ಸಸಿ ಮಾರಿ, ಒಂದೇ ಬೆಳಗ್ಗೆ ಮೂರು ಸಾವಿರದ ಚಿಲ್ಲರೆ ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡಳು. ಹಾಗಾಗಿ ಇನ್ನು ಬರೆದರೆ ಅಡ್ಡಿಯಿಲ್ಲ ಅನ್ನಿಸಿತು.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯಿಂದ ಹತ್ತು-ಹನ್ನೆರಡು ಕಿ.ಮೀ. ಒಳಗಿನ ಊರು. ಮಳೆಗಾಲದಲ್ಲಿ ಇಲ್ಲಿನ ಯಾವ ಮನೆಯ ಅಂಗಳಕ್ಕೆ ಹೋದರೂ ಡೇರೆ (ಡಾಲಿಯಾ), ಕರ್ಣಕುಂಡಲ, ಜೀನಿಯಾ ತುಂಬಿರುತ್ತವೆ. ಪೇಟೆಯ ತಾರಸಿ ತೋಟದವರನ್ನು ಕರೆಸಿ ಎರಡು ದಿನದಲ್ಲಿ ಐದು ಮನೆಯ ಅಂಗಳ ತೋರಿಸುವುದು, ಒಂದು ಕಸಿ ಪಾಠ, ಕೊನೆಗೆ ಗಿಡ ಬದಲಾಯಿಸಿಕೊಳ್ಳುವುದು. ನನ್ನ ಪ್ರವಾಸ ಎಂದರೆ ಇಷ್ಟೇ. ಇಷ್ಟು ಸರಿಹೋಗಲು ನಾಲ್ಕೈದು ವರ್ಷ ಬೇಕಾಯಿತು, ಕೈಯಿಂದ ಸುಮಾರು ನಲವತ್ತು ಸಾವಿರ ಹೋಯಿತು.

ಮೊದಲ ಸಲ 2018ರ ಆಗಸ್ಟ್. ಸ್ವಾತಂತ್ರ್ಯೋತ್ಸವಕ್ಕೆ ಮುಂಚಿನ ಶನಿವಾರ-ಭಾನುವಾರ ಇಟ್ಟೆ. ರಜೆ ಇದೆ, ಜನ ಬರುತ್ತಾರೆ ಅಂತ ಲೆಕ್ಕ. ಮೂವತ್ಮೂರು ಸೀಟಿನ ಮಿನಿ ಬಸ್ಸಿಗೆ ಮುಂಗಡ ಕೊಟ್ಟೆ, ಬಂದವರು ಹನ್ನೊಂದು ಜನ. ಆ ವಾರ ಬೆಂಗಳೂರಿನ ಗಿಡದ ಹುಚ್ಚಿನವರೆಲ್ಲ ಎಲ್ಲಿರುತ್ತಾರೆ ಹೇಳಿ? ಲಾಲ್‌ಬಾಗ್‌ನಲ್ಲಿ. ವರ್ಷಕ್ಕೆ ಎರಡೇ ಫಲಪುಷ್ಪ ಪ್ರದರ್ಶನ, ಜನವರಿ 26ಕ್ಕೊಂದು, ಆಗಸ್ಟ್ 15ಕ್ಕೊಂದು. ಅಲ್ಲಿನ ಗಾಜಿನ ಮನೆಯ ಎದುರು ನನ್ನ ಹಂಚಿನ ಮನೆ ಅಂಗಳವನ್ನು ಸ್ಪರ್ಧೆಗೆ ನಿಲ್ಲಿಸಿದ ಹಾಗಾಯಿತು. ಮೇಲಿಂದ ಆ ಆಗಸ್ಟಿನ ಮಳೆ! ದೊಡ್ಡ ಡೇರೆಗಳು ನೀರು ಕುಡಿದು ಕತ್ತು ಬಾಗಿಸಿ ನಿಂತಿದ್ದವು. ಬಸ್ಸು, ಊಟ ಎಲ್ಲ ಸೇರಿ ಹದಿನೆಂಟೋ ಇಪ್ಪತ್ತೋ ಸಾವಿರ ಕೈಬಿಟ್ಟಿತು.

ಆ ಸಲ ಇನ್ನೊಂದು ತಪ್ಪು ಮಾಡಿದ್ದೆ. ಮನೆಯವರಿಗೆಲ್ಲ "ಅಂಗಳ ಚೊಕ್ಕ ಮಾಡಿಡಿ" ಅಂದಿದ್ದೆ. ಒಬ್ಬರಂತೂ ಹೊಸ ಕುಂಡ ತಂದು, ಕೆಮ್ಮಣ್ಣು ಬಳಿದು, ಎತ್ತರದ ಪ್ರಕಾರ ಸಾಲಾಗಿ ಜೋಡಿಸಿದ್ದರು. ಬಂದವರು ನೋಡಿ "ನರ್ಸರಿ ಥರ ಇದೆ" ಅಂದು ಮುಂದೆ ಹೋದರು. ಅವರೆಲ್ಲ ಗುಂಪಾಗಿ ನಿಂತದ್ದು ಬಚ್ಚಲು ಮನೆಯ ಹಿಂದೆ. ಅಲ್ಲಿ ತೂತು ಬಿದ್ದ ಹಂಡೆಯಲ್ಲಿ ಬಿಗೋನಿಯಾ, ಹಳೆ ಒರಳಿನಲ್ಲಿ ಜರಿಗಿಡ, ಬಚ್ಚಲ ನೀರಿಗೆ ಸೊಕ್ಕಿ ಬೆಳೆದ ದಾಸವಾಳ. ಮನೆಯೊಡತಿಗೆ ನಾಚಿಕೆಯಿಂದ ಜೀವ ಹಿಡಿಯಷ್ಟಾಗಿತ್ತು. ಈಗ ನಾನು ಮುಂಚೆಯೇ ಹೇಳಿಬಿಡುತ್ತೇನೆ: ಜಾರದ ಹಾಗೆ ದಾರಿ ನೋಡಿಕೊಳ್ಳಿ, ಉಳಿದದ್ದನ್ನು ಮುಟ್ಟಬೇಡಿ.

2019ರಲ್ಲಿ ಆಗಸ್ಟ್ ಮೊದಲ ವಾರದ ನೆರೆ ನೋಡಿ ನಾನೇ ರದ್ದು ಮಾಡಿದೆ. ಜನರ ಹಣ ಪೂರ್ತಿ ವಾಪಸು ಕೊಟ್ಟೆ, ನಾನು ಕೊಟ್ಟಿದ್ದ ಮುಂಗಡ ಮಾತ್ರ ವಾಪಸು ಬರಲಿಲ್ಲ. ಆಮೇಲೆ ಎರಡು ವರ್ಷ ಕೊರೋನಾ. ಮನೆಯಲ್ಲಿ ಕೂತು ಪಂಚಾಂಗ ತಿರುವಿದ್ದೇ ಲಾಭ.

ಡೇರೆ ಚೆನ್ನಾಗಿರುವುದು ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ. ಅಷ್ಟರೊಳಗೆ ವರಮಹಾಲಕ್ಷ್ಮಿ ಬರುತ್ತದೆ, ನೋಪಿ ವ್ರತ, ಅಷ್ಟಮಿ, ಗೌರಿ-ಗಣೇಶ. ನನ್ನ ಬಳಿ ಬರುವವರಲ್ಲಿ ಮುಕ್ಕಾಲು ಪಾಲು ಐವತ್ತು ದಾಟಿದ ಹೆಂಗಸರು. ಹಬ್ಬದ ಹಿಂದಿನ ವಾರ ಅವರು ಮನೆ ಬಿಟ್ಟು ಬರುವುದಿಲ್ಲ, ಹಬ್ಬದ ಮಾರನೇ ವಾರ ಏಳುವುದಿಲ್ಲ. ಎಲ್ಲ ಹೊಡೆದುಹಾಕಿದ ಮೇಲೆ ಕ್ಯಾಲೆಂಡರಿನಲ್ಲಿ ಉಳಿದದ್ದು ಅನಂತನ ಚತುರ್ದಶಿ ಆದ ಮೇಲಿನ ಹದಿನೈದು ದಿನ, ಪಿತೃಪಕ್ಷ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಯಾರ ಮನೆಗೂ ಅರಿಶಿನ-ಕುಂಕುಮಕ್ಕೆ ಓಡಬೇಕಿಲ್ಲ. ಟಿ.ಟಿ. (ಟೆಂಪೊ ಟ್ರಾವೆಲರ್) ಗಾಡಿಗಳು ಶೆಡ್ಡಿನಲ್ಲಿ ನಿಂತಿರುತ್ತವೆ. ಸೀಸನ್ನಿನಲ್ಲಿ ಎರಡು ದಿನಕ್ಕೆ ಹತ್ತೊಂಬತ್ತು-ಇಪ್ಪತ್ತು ಸಾವಿರ ಹೇಳುವವರು ಪಕ್ಷದಲ್ಲಿ ಡ್ರೈವರ್ ಬಾಟಾ ಸೇರಿ ಹದಿನಾಲ್ಕಕ್ಕೆ ಒಪ್ಪುತ್ತಾರೆ. ಅಡುಗೆಯವರೂ ಸಿಗುತ್ತಾರೆ. ಮಳೆಯ ಅಬ್ಬರವೂ ಅಷ್ಟರಲ್ಲಿ ಇಳಿದಿರುತ್ತದೆ.

"ಶುಭಕಾರ್ಯ ಮಾಡಬಾರದು" ಅಂತ ಎಲ್ಲರೂ ಅಂದರು. ಅತ್ತೆಯ ಹತ್ತಿರ ಕೇಳಿದೆ. "ಹೂ ನೋಡೋದು ಯಾವ ಶುಭಕಾರ್ಯ? ಪೇಟೆಗೆ ಸಾಮಾನು ತರಕ್ಕೆ ಹೋಗಲ್ವಾ ಪಕ್ಷದಲ್ಲಿ?" ಅಂದರು. ಅಲ್ಲಿಗೆ ನನ್ನ ಮಟ್ಟಿಗೆ ತೀರ್ಮಾನವಾಯಿತು.

ತೊಡಕು ಬೇರೆ ಕಡೆ ಇತ್ತು. ಪಕ್ಷದಲ್ಲಿ ಪ್ರತಿ ಮನೆಗೂ ಒಂದು ತಿಥಿ ಇರುತ್ತದೆ. ಆ ದಿನವೂ ಹಿಂದಿನ ದಿನವೂ ಅವರ ಅಂಗಳಕ್ಕೆ ಹದಿನಾಲ್ಕು ಜನ ಇಳಿಯುವ ಹಾಗಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಈಗ ಇಪ್ಪತ್ತೆರಡು ಮನೆಗಳಿವೆ. ಹೆಸರಿನ ಮುಂದೆ ಡೇರೆ ಬಣ್ಣ, ಅದರ ಮುಂದೆ ತಿಥಿ. ದಿನಕ್ಕೆ ಮೂರಕ್ಕಿಂತ ಹೆಚ್ಚು ಮನೆ ಇಟ್ಟುಕೊಳ್ಳುವುದಿಲ್ಲ. ಜೊತೆಗೆ ಒಂದು ಮನೆ ಯಾವಾಗಲೂ ಕೈಯಲ್ಲಿ ಹೆಚ್ಚಿಗೆ ಇರಬೇಕು. ಯಾರಿಗೆ ಯಾವಾಗ ಸೂತಕ ಬರುತ್ತದೆ ಅಂತ ಹೇಳಲಾಗದು. 2024ರಲ್ಲಿ ಬೆಳಗ್ಗೆ ಆರಕ್ಕೆ ಫೋನ್ ಬಂತು, ಒಂಬತ್ತಕ್ಕೆ ಹೋಗಬೇಕಿದ್ದ ಮನೆ ಕೈತಪ್ಪಿತು. ಮಹಾಲಯ ಅಮಾವಾಸ್ಯೆಯ ದಿನವಂತೂ ಪೂರ್ತಿ ಬಿಟ್ಟುಬಿಡಿ. ಬರುವವರ ಮನೆಯಲ್ಲೂ ಅಂದು ಕೆಲಸ ಇರುತ್ತದೆ. 2025ರಲ್ಲಿ ಅದು ಭಾನುವಾರವೇ ಬಿದ್ದು ಒಂದು ವಾರಾಂತ್ಯ ಹಾಳಾಯಿತು. ಆಗ ಮಂಗಳವಾರ-ಬುಧವಾರ ಇಟ್ಟು ನೋಡಿದೆ, ಬರೀ ನಿವೃತ್ತರಿಗೆ. ತಾಳಗುಪ್ಪ ರೈಲಿಗೆ ವಾರದ ನಡುವೆ ಟಿಕೆಟ್ ಸುಲಭ, ಬೆಳಗ್ಗೆ ಸಾಗರದಲ್ಲಿ ಇಳಿಸಿಕೊಂಡರೆ ಆಯಿತು. ಮೂರು ದಿನದಲ್ಲಿ ಭರ್ತಿ. ವಾರಾಂತ್ಯದ ತಂಡಕ್ಕಿಂತ ಅದೇ ಚೆನ್ನಾಗಿ ನಡೆಯಿತು, ಯಾರಿಗೂ ಗಡಿಬಿಡಿ ಇರಲಿಲ್ಲ.

ಲೆಕ್ಕ ಕೇಳುವವರಿಗೆ ನೆನಪಿದ್ದಷ್ಟು ಹೇಳುತ್ತೇನೆ. ತಂಡಕ್ಕೆ ಹದಿನಾಲ್ಕು ಜನ, ತಲೆಗೆ 4,200, ರೈಲು ಖರ್ಚು ಅವರದೇ. ಅಲ್ಲಿಗೆ 58,800. ಗಾಡಿಗೆ ಹದಿನಾಲ್ಕು ಸಾವಿರ. ಒಂದು ರಾತ್ರಿಯ ವಸತಿ, ರಾತ್ರಿ ಊಟ, ತಿಂಡಿಗೆ ಹೆಚ್ಚುಕಡಿಮೆ ಹದಿನೇಳು. ಐದು ಮನೆಗೆ ತಲಾ 1,500. ಎರಡು ಮಧ್ಯಾಹ್ನದ ಊಟಕ್ಕೆ ಐದೂವರೆ. ಕಸಿ ಕಟ್ಟುವವರಿಗೆ ಎರಡು. ಟೇಪು, ಹಾಳೆ, ಕುಂಡ ಅಂತ ಒಂದೂವರೆ ಸಾವಿರ. ನನಗೆ ಉಳಿಯುವುದು ಹತ್ತು-ಹನ್ನೊಂದು ಸಾವಿರ. ದೊಡ್ಡ ದುಡ್ಡೇನಲ್ಲ. ಆದರೆ ಹತ್ತು ಜನಕ್ಕಿಂತ ಕಡಿಮೆಯಾದರೆ ನಷ್ಟ ಅಂತ ಈಗ ಗೊತ್ತಿದೆ, ಅರ್ಧ ಹಣ ಮುಂಚೆ ಬರದೆ ಗಾಡಿಗೆ ಫೋನೇ ಮಾಡುವುದಿಲ್ಲ. ಮನೆಯವರಿಗೆ ತಲೆ ಲೆಕ್ಕದಲ್ಲಿ ಕೊಡುತ್ತಿದ್ದದ್ದನ್ನು ನಿಲ್ಲಿಸಿದೆ. ಜನ ಕಡಿಮೆ ಬಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಕಷಾಯ ಎಂಟು ಜನಕ್ಕೆ ಕಾಯಿಸಿದರೂ ಹದಿನಾಲ್ಕಕ್ಕೆ ಕಾಯಿಸಿದರೂ ಒಲೆ ಒಂದೇ ತಾನೇ!

ಇನ್ನು ಕಳ್ಳತನದ ಕಥೆ. ಕದ್ದು ತಂದ ಗಿಡ ಚೆನ್ನಾಗಿ ಬದುಕುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಯಾರಿಗಿಲ್ಲ? 2018ರಲ್ಲಿ ಬಂದ ಹನ್ನೊಂದು ಜನರಲ್ಲಿ ಒಂಬತ್ತು ಜನರ ಕೈಚೀಲದಲ್ಲಿ ಕಡ್ಡಿಗಳಿದ್ದವು. ಒಬ್ಬರ ಮನೆಯಲ್ಲಿ ಅಪರೂಪದ ಎರಡು ಬಣ್ಣದ ಡೇರೆಯ ತಲೆಯೇ ಹೋಗಿತ್ತು. ಆ ಮನೆಯವರು ಇವತ್ತಿಗೂ ನನ್ನನ್ನು ಒಳಗೆ ಕರೆಯುವುದಿಲ್ಲ. ಬೇಡ ಅಂತ ಹೇಳಿದರೆ ಈ ಚಟ ನಿಲ್ಲುವಂಥದ್ದಲ್ಲ. ಅದಕ್ಕೇ ಕಡ್ಡಿಯನ್ನು ಎದುರಿಗೇ ಇಡಿಸಿದೆ. ಪ್ರತಿ ಮನೆಯ ಜಗಲಿಯಲ್ಲೂ ಬೇರು ಬಂದ ಸಸಿ, ಇಪ್ಪತ್ತರಿಂದ ಐವತ್ತು ರೂಪಾಯಿ, ದರ ಅವರದ್ದೇ, ನನಗೆ ಕಮಿಷನ್ ಬೇಡ. ಬರುವವರೂ ತಮ್ಮ ಮನೆಯ ಮೂರು ಗಿಡ ತರಬೇಕು. ಇದಕ್ಕೆ 'ಗಿಡದ ಮುಯ್ಯಿ' ಅಂತ ಹೆಸರಿಟ್ಟೆ. ಕದಿಯುವುದು ಪೂರ್ತಿ ನಿಂತಿಲ್ಲ, ಆದರೆ ಈಗ ಕದ್ದವರೂ ಎರಡು ಸಸಿ ಕೊಂಡೇ ಹೋಗುತ್ತಾರೆ.

ಮುಯ್ಯಿಯಲ್ಲಿ ಒಂದು ಪೆಟ್ಟು ತಿಂದೆ. 2022ರಲ್ಲಿ ಪೇಟೆಯಿಂದ ಬಂದ ದಾಸವಾಳದ ಜೊತೆ ಹಿಟ್ಟುತಿಗಣೆ ಬಂತು. ದೀಪಾವಳಿ ಹೊತ್ತಿಗೆ ಒಬ್ಬರ ಇಡೀ ದಾಸವಾಳದ ಬೇಲಿ ಬಿಳಿ ಬೂದಿ ಸುರಿದ ಹಾಗಾಗಿತ್ತು. ಈಗ ಹೊರಗಿನಿಂದ ಬಂದದ್ದೆಲ್ಲ ಮೊದಲು ಸೋಪಿನ ನೀರಲ್ಲಿ ಮುಳುಗಿ, ನಮ್ಮ ಕೊಟ್ಟಿಗೆ ಪಕ್ಕ ಹದಿನೈದು-ಇಪ್ಪತ್ತು ದಿನ ಬೇರೆಯಾಗಿದ್ದು, ಆಮೇಲೆ ಹಂಚಿಕೆ.

ಪಾಠದ ವಿಷಯ. ಶುರುವಿನಲ್ಲಿ ಪ್ರೊಜೆಕ್ಟರ್ ಬಾಡಿಗೆಗೆ ತಂದು ಒಬ್ಬರಿಂದ ಉಪನ್ಯಾಸ ಕೊಡಿಸಿದ್ದೆ. ಹತ್ತನೇ ನಿಮಿಷಕ್ಕೆ ಕರೆಂಟು ಹೋಯಿತು, ಯಾರಿಗೂ ಬೇಜಾರಾಗಲಿಲ್ಲ. ಈಗ ಬರೀ ಕೈಕೆಲಸ. ಅಪ್ಪೆಮಿಡಿ ಮಾವಿನ ಕಸಿಯನ್ನು ಪ್ರತಿಯೊಬ್ಬರೂ ಎರಡು ಕಟ್ಟಬೇಕು. ಗಾಳಿಯಲ್ಲಿ ತೇವ ಇರುವುದರಿಂದ ಕೂಡಿಕೊಳ್ಳುತ್ತದೆ, ಆದರೂ ಕಲಿಯುವವರ ಕೈಯದ್ದು ಹತ್ತರಲ್ಲಿ ಮೂರೋ ನಾಲ್ಕೋ ಬದುಕಿದರೆ ಹೆಚ್ಚು. ತಾರಸಿಯಲ್ಲಿ ಮಿಡಿ ಬಿಡುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಕುಂಡದ ಅಪ್ಪೆಮರದಲ್ಲಿ ಉಪ್ಪಿನಕಾಯಿಗಾಗುವಷ್ಟು ಮಿಡಿ ನಾನಂತೂ ಕಂಡಿಲ್ಲ, ಹಾಗೆಯೇ ಹೇಳುತ್ತೇನೆ. ಎಲೆ ಉಜ್ಜಿ ಮೂಸಿ ನೋಡಿ ಅವರು ಒಯ್ದೇ ಒಯ್ಯುತ್ತಾರೆ. ಮರದ ಮೇಲಿನ ಸೀತಾಳೆ ದಂಡೆ (ಕಾಡು ಆರ್ಕಿಡ್) ಕಿತ್ತುಕೊಡಿ ಅಂದವರಿಗೆ ಮಾತ್ರ ಯಾವ ಮುಲಾಜೂ ಇಲ್ಲ. ಕಾಡಿನದ್ದು ಕಾಡಿನಲ್ಲೇ ಇರಲಿ.

ಡೇರೆ ಗಡ್ಡೆಯ ದೂರು ತುಂಬ ಬರುತ್ತಿತ್ತು: "ನೀವು ಕೊಟ್ಟದ್ದು ಕೊಳೆಯಿತು." ಗಡ್ಡೆಯ ಕುತ್ತಿಗೆಯಲ್ಲಿ ಕಣ್ಣಿಲ್ಲದಿದ್ದರೆ ಅದು ಗೆಣಸಿನ ಹಾಗೆ ಚೆನ್ನಾಗಿ ಕಂಡರೂ ಮೊಳೆಯುವುದಿಲ್ಲ. ಅದಕ್ಕೆ ಈಗ ಗಡ್ಡೆ ಕೊಡುವುದೇ ಇಲ್ಲ, ಬೇರು ಬಂದ ಕುಡಿಯೇ. ಆದರೂ ಮನಸ್ಸು ತಡೆಯದೆ ಒಂದು ಬೇಸಿಗೆ ಐವತ್ತು ಗಡ್ಡೆಗಳನ್ನು ಮೂರು ಪಾಲು ಮಾಡಿ ಇಟ್ಟೆ. ಒಲೆಯ ಬೂದಿಯಲ್ಲಿಟ್ಟವು ಒಣಗಿ ಸುಕ್ಕಾದವು, ಅರ್ಧವೂ ಉಳಿಯಲಿಲ್ಲ. ತೆಂಗಿನ ನಾರಿನ ಪುಡಿಯದ್ದು ಮೇ ಮಳೆಗೆ ಮುಂಚೆಯೇ ಮೊಳೆತು ಉದ್ದವಾದವು. ಅತ್ತೆ ಮಾಡುತ್ತಿದ್ದ ಹಾಗೆ ಅಟ್ಟದ ಕೆಳಗೆ ಒಣ ಮರಳಿನಲ್ಲಿಟ್ಟವು ಹದಿನಾರಕ್ಕೆ ಹದಿಮೂರು ಬಂದವು. ಅತ್ತೆ ಅದನ್ನು ಇನ್ನೂ ಮರೆತಿಲ್ಲ.

ಸಸಿ ಕಟ್ಟಿ ಕಳಿಸಲು ಪ್ಲಾಸ್ಟಿಕ್ ಕವರು, ಗೋಣಿ, ಅಡಿಕೆ ಹಾಳೆ ಮೂರನ್ನೂ ನೋಡಿದೆ. ಹಾಳೆಯಲ್ಲಿ ಒದ್ದೆ ಪಾಚಿ ಹಾಸಿ ಸುತ್ತಿದರೆ ಮೈಸೂರು ಮುಟ್ಟಿದರೂ ಎಲೆ ಬಾಡುವುದಿಲ್ಲ. ಪಾಚಿಗೆ ಇನ್ನೊಂದು ವಸ್ತು ಬೆರೆಸುತ್ತೇನೆ. ಅದು ಏನು ಅಂತ ಬಂದವರಿಗೆ ಮಾತ್ರ.

ಉಂಬಳಕ್ಕೆ (ಜಿಗಣೆಗೆ) ಹೊಗೆಸೊಪ್ಪು ನೆನೆಸಿದ ಎಣ್ಣೆ, ಉದ್ದ ಕಾಲುಚೀಲ, ಅಷ್ಟೇ. ಜಾರುವುದೇ ನಿಜವಾದ ಭಯ. 2022ರಲ್ಲಿ ಒಬ್ಬರು ಹಾವಸೆಯ ಮೇಲೆ ಕಾಲಿಟ್ಟು ಬಿದ್ದು ಮಣಿಕಟ್ಟು ಮುರಿದುಕೊಂಡರು. ಎಕ್ಸ್‌ರೇ, ಕಟ್ಟು, ಕಾರಿನಲ್ಲಿ ಬೆಂಗಳೂರಿಗೆ ಕಳಿಸಿದ್ದು ಎಲ್ಲ ನಾನೇ ಕೊಟ್ಟೆ, ಆ ತಂಡದ ಲಾಭ ಅಲ್ಲಿಗೆ ಮುಗಿಯಿತು. ಅಂದಿನಿಂದ ಗೇಟಿನಿಂದ ಜಗಲಿಯವರೆಗೆ ಅಡಿಕೆ ದಬ್ಬೆ ಹಾಸದ ಮನೆಗೆ ತಂಡ ಕರೆದೊಯ್ಯುವುದಿಲ್ಲ. ಕಟ್ಟು ಹಾಕಿಸಿಕೊಂಡ ಆ ಅಮ್ಮ ಮರುವರ್ಷವೂ ಬಂದರು, ತಂಗಿಯನ್ನೂ ಕರೆತಂದರು.

ಮರುವರ್ಷ ಅಂದರೆ 2023, ಅದೇ ನನ್ನ ವಿಧಾನದ ಕಠಿಣ ಪರೀಕ್ಷೆ. ಅಧಿಕ ಶ್ರಾವಣ ಬಂದು ಪಕ್ಷ ಅಕ್ಟೋಬರ್‌ಗೆ ಜಾರಿತು. ಆಗಸ್ಟಿನಲ್ಲಿ ಮಳೆಯೂ ಕೈಕೊಟ್ಟಿತ್ತು. ಜೂನ್‌ನಲ್ಲಿ ನೆಟ್ಟ ಡೇರೆಗಳು ಅಷ್ಟು ಹೊತ್ತಿಗೆ ಮುದಿಯಾಗಿ, ಕೆಳಗಿನ ಎಲೆ ಕರಕಲಾಗಿ ನಿಂತಿದ್ದವು. ಎರಡು ತಂಡ ಇಟ್ಟಿದ್ದೆ, ಒಂದನ್ನು ಇಕ್ಕೇರಿ, ಕೆಳದಿ ದೇವಸ್ಥಾನ ಸೇರಿಸಿ ಹೇಗೋ ದಾಟಿಸಿದೆ. ಇನ್ನೊಂದು ಉಳಿದದ್ದು ಓರಗಿತ್ತಿಯ ಹಿತ್ತಿಲಿನಿಂದ. ಅವಳು ಸೋಮಾರಿತನದಿಂದ ಜುಲೈ ಕೊನೆಗೆ ಕುಡಿ ಚುಚ್ಚಿದ್ದಳು, ಅವು ಆಗಷ್ಟೇ ಮೊಗ್ಗೊಡೆದಿದ್ದವು!

ಅದನ್ನು ನೋಡಿ ಕಲಿತು ಈಗ ಎರಡು ಸಲ ನಾಟಿ ಮಾಡಿಸುತ್ತೇನೆ. ಎರಡನೆಯದಕ್ಕೆ ಕುಡಿಯನ್ನು ಯಾವ ಗಂಟಿಗೆ ಚಿವುಟಬೇಕು, ಸಗಣಿ ನೀರು ಯಾವಾಗ ನಿಲ್ಲಿಸಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡೂ ನಡೆಯಬೇಕು. 2026ರಲ್ಲೂ ಅಧಿಕ ಮಾಸ ಇದೆ, ಮಹಾಲಯ ಅಮಾವಾಸ್ಯೆ ಅಕ್ಟೋಬರ್ 10ಕ್ಕೆ. ನಾಲ್ಕು ತಂಡದ ಯೋಚನೆ, ಎಂಟು ಮನೆಯವರು ಜುಲೈ ನಾಟಿಗೆ ಒಪ್ಪಿದ್ದಾರೆ. ಒಂಬತ್ತನೆಯ ಮನೆ ಆ ಕತ್ತು ಕತ್ತರಿಸಿಕೊಂಡ ಎರಡು ಬಣ್ಣದ ಡೇರೆಯದ್ದು. ಮೊನ್ನೆ ಸಂತೆಯಲ್ಲಿ ಸಿಕ್ಕಾಗ ಅವರಾಗಿಯೇ "ಈ ಸಲ ಎಷ್ಟು ಜನ ಬರ್ತಾರೆ?" ಅಂತ ಕೇಳಿದರು. ಹದಿನಾಲ್ಕು ಅಂದೆ. "ಕೈಚೀಲ ಗಾಡಿಯಲ್ಲೇ ಇಟ್ಟು ಬರಕ್ಕೆ ಹೇಳು" ಅಂದರು.